ಕಾಳಿಯ ಕಲ್ಲು, ನಮ್ಮ ಮನೆಯ ಟೈಗರ್

ನಮ್ಮ ಮನೆಯ ಟೈಗರ್‌ಗೆ ಈಗ 14 ವರ್ಷ. ಹದಿನೈದು ದಿನದಿಂದ ಅದು ಅಂಗಳ ದಾಟಿ ಹೋಗಿಲ್ಲ. ಹಿಂಗಾಲು ಎಳೆಯುತ್ತದೆ, ನೀರು ಕುಡಿದದ್ದೇ ಕುಡಿಯುತ್ತದೆ, ಅನ್ನ ಮೂಸಿ ಬಿಡುತ್ತದೆ. ದನದ ಡಾಕ್ಟರು ಬೈಕಿನಲ್ಲಿ ಬಂದು ರಕ್ತ ತೆಗೆದುಕೊಂಡು ಹೋಗಿದ್ದರು. ಮೂರು ದಿನ ಬಿಟ್ಟು ಮತ್ತೆ ಬಂದು, "ಕಿಡ್ನಿ ಹೋಗಿದೆ, ಇನ್ನು ಕೆಲವು ವಾರ ಅಷ್ಟೇ. ತೀರಾ ನೋವಾದರೆ ಹೇಳಿ, ಒಂದು ಇಂಜೆಕ್ಷನ್ ಇದೆ" ಎಂದರು. ಅಪ್ಪಯ್ಯ ಮಾತಾಡದೆ ತೋಟಕ್ಕೆ ಇಳಿದರು.

ಪೇಟೆಯಲ್ಲಿ ಸಿಕ್ಕ ಗೆಳೆಯನೊಬ್ಬನಿಗೆ ಹೇಳಿದೆ. "ನಾಯಿ ತಾನೆ ಮಾರಾಯ, ಇನ್ನೊಂದು ಮರಿ ತಂದರಾಯ್ತು" ಎಂದ. ಅವನು ಕೆಟ್ಟವನಲ್ಲ. ನಾಯಿಗಾಗಿ ಅಳುವುದು ಬೆಂಗಳೂರಿನವರ ಶೋಕಿ, ಹಳ್ಳಿಯವರಿಗೆ ಹೇಳಿಸಿದ್ದಲ್ಲ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇದು ತಪ್ಪು. ಸಾವಿರ ವರ್ಷಕ್ಕೂ ಹಿಂದೆ ಕನ್ನಡದಲ್ಲೇ ಕೊರೆದಿಟ್ಟ ಒಂದು ಕಲ್ಲು ಅದಕ್ಕೆ ಸಾಕ್ಷಿ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಡಿಪ್ಲೊಮಾ ಓದುವಾಗ ನೋಡಿದ್ದೆ. ನಾಯಿಯೂ ಹಂದಿಯೂ ಕಾದಾಡುವ ಕೆತ್ತನೆ, ಜೊತೆಗೆ ಹಳಗನ್ನಡದ ಅಕ್ಷರ. ಶಕವರ್ಷ 872, ಅಂದರೆ ಕ್ರಿ.ಶ. 949–50ರ ಕಾಲದ್ದು.

ಆಗ ತಕ್ಕೋಲ ಎಂಬಲ್ಲಿ ದೊಡ್ಡ ಯುದ್ಧ ನಡೆದಿತ್ತು. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಇನ್ನೊಂದು ಕಡೆ ಚೋಳರ ರಾಜಾದಿತ್ಯ. ಕೃಷ್ಣನ ಪರ ಕಾದಿದ ಗಂಗರ ಬೂತುಗನಿಗೆ ರಾಜಾದಿತ್ಯನನ್ನು ಕೊಂದದ್ದಕ್ಕೆ ಸಿಕ್ಕ ನಾಡುಗಳಲ್ಲಿ ಬನವಾಸಿ ಹನ್ನೆರಡು ಸಾವಿರವೂ ಒಂದು. ನಮ್ಮ ಪಕ್ಕದ ಸೊರಬ, ಶಿಕಾರಿಪುರದ ನೆಲವೆಲ್ಲ ಆ ನಾಡಿಗೆ ಸೇರಿದ್ದು. ಹಾಗಾಗಿ ಈ ಕತೆ ನಮಗೆ ತೀರಾ ದೂರದ್ದಲ್ಲ.

ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. (ಶಾಸನ ಅವನನ್ನು ಸಗರ ವಂಶದವನು ಎನ್ನುತ್ತದೆ. ನಮ್ಮ ಸಾಗರ ಅಂದುಕೊಳ್ಳಬೇಡಿ. ನಮ್ಮೂರಿನ ಹೆಸರು ಬಂದದ್ದು ಕೆಳದಿಯ ಸದಾಶಿವ ನಾಯಕನ ಕೆರೆಯಿಂದ ಎನ್ನುತ್ತಾರೆ.) ಯುದ್ಧದಲ್ಲಿ ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ, ಏನು ಬೇಕೋ ಬೇಡಿಕೋ ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು.

ಆಮೇಲೆ ಬೆಳ್ತೂರಿನ ಗುಡ್ಡದಲ್ಲಿ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿತ್ತು. ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಎದುರು ನಾಯಿಗೆ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ಕೆರೆಯ ಕೆಳಗೆ ಎರಡು ಕಂಡುಗದ ಭೂಮಿ ಬಿಟ್ಟರು. ನಾಯಿಯ ಹೆಸರಿನಲ್ಲಿ ಗದ್ದೆ! ಈ ಭೂಮಿಗೆ ಕೈ ಹಾಕಿದವರಿಗೆ ಆ ನಾಯಿ ಮಾಡಿದ ಪಾಪವೆಲ್ಲ ಬರಲಿ ಅಂತ ಶಾಪವನ್ನೂ ಬರೆಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಜೊತೆಗಿರುವ ಇನ್ನೊಂದು ಮಾತು. ದೇವಸ್ಥಾನ ನೋಡಿಕೊಳ್ಳುವ ಗೊರವ, ಅಂದರೆ ಶಿವಪೂಜೆಯವನು, ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೂ ಅದೇ ಪಾಪ.

ಯಾಕೆ ಹಿಡಿದು ನಿಲ್ಲಿಸಿತು ಅಂದರೆ, ನಮ್ಮ ಅಮ್ಮ ಈ 14 ವರ್ಷದಲ್ಲಿ ಟೈಗರ್‌ಗೆ ಹಾಕದೆ ತಾವು ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ. ಆತಕೂರಿನ ಹೆಸರನ್ನೇ ಅವರು ಕೇಳಿಲ್ಲ.

ನಾಯಿಗೆ ಕಲ್ಲು ಅಂದರೆ ಇದೊಂದೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಕಡೆಯ ಎಡುತ್ತನೂರಿನಲ್ಲಿ ಪಲ್ಲವರ ಮಹೇಂದ್ರವರ್ಮನ ಕಾಲದ ವೀರಗಲ್ಲಿದೆ. ವೀರನ ಪಕ್ಕದಲ್ಲೇ ಅವನ ನಾಯಿ ನಿಂತಿದೆ, ಕೋವಿವನ್ ಎಂಬ ಅದರ ಹೆಸರನ್ನೂ ಬರೆದಿದ್ದಾರೆ.

ನಮ್ಮ ಮೂರು ತಾಲ್ಲೂಕಲ್ಲೂ ವೀರಗಲ್ಲಿಗೆ ಬರವಿಲ್ಲ. ದೇವಸ್ಥಾನದ ಹಿಂದೆ, ಗದ್ದೆಯ ಅಂಚಿನಲ್ಲಿ, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿಯೂ ಇವೆ. ಸಾಮಾನ್ಯವಾಗಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಗಮನಿಸಿ, ಕಲ್ಲು ಸಿಕ್ಕಿದ್ದೆಲ್ಲ ಕಾದಾಡಿ ಒಂದೇ ಏಟಿಗೆ ಹೋದವರಿಗೆ. ಮುದಿಯಾಗಿ, ಕಾಯಿಲೆ ಬಿದ್ದು, ಜಗುಲಿಯ ಮೂಲೆಯಲ್ಲಿ ದಿನ ಎಣಿಸಿದವರಿಗೆ ಅದರಲ್ಲಿ ಜಾಗ ಇಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ತೀರ್ಥಹಳ್ಳಿ ಸೀಮೆಯ ಆ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ಮರೆಯುವವರು ಯಾರು? ಗುತ್ತಿಯನ್ನು ಜನ ಕರೆಯುವುದೇ ನಾಯಿಗುತ್ತಿ ಅಂತ. ಆ ಹುಲಿಯನನ್ನೂ ಮಳೆಗಾಲದ ತುಂಗೆ ಕೊಂಡೊಯ್ಯುತ್ತದೆ. ಅಲ್ಲೂ ಮುಪ್ಪಿಲ್ಲ. (ಅಂದಿನ ಹುಲಿಯನೇ ಇಂದು ಟೈಗರ್ ಆಗಿದ್ದಾನೆ, ಹೆಸರು ಮಾತ್ರ ಇಂಗ್ಲಿಷಿಗೆ ಹೋಗಿದೆ.)

ನಮ್ಮ ಅಜ್ಜನ ಕಾಲದಲ್ಲೂ ಹಾಗೇ. ಒಂದು ನಾಯಿಯನ್ನು ಚಿರತೆ ಅಂಗಳದಿಂದಲೇ ಹೊತ್ತೊಯ್ದಿತು. ಇನ್ನೊಂದು ಹಂದಿಯ ಕೋರೆಗೆ ಸಿಕ್ಕಿತು. ಬೆಳಿಗ್ಗೆ ಇದ್ದದ್ದು ಸಂಜೆಗೆ ಇಲ್ಲ. ದುಃಖ ಇತ್ತು, ಆದರೆ ಕಾದು ಕೂರುವ ದುಃಖ ಅಲ್ಲ. ಈಗ ರೇಬೀಸ್ ಲಸಿಕೆ ಇದೆ, ಮರಿಗಳಿಗೆ ಡಿಸ್ಟೆಂಪರ್ ಲಸಿಕೆ ಇದೆ, ಫೋನ್ ಮಾಡಿದರೆ ಡಾಕ್ಟರು ಬರುತ್ತಾರೆ. ನಾಯಿ ನಮ್ಮ ಕಣ್ಣೆದುರೇ ಮುದಿಯಾಗುತ್ತದೆ. ಇದನ್ನು ಹೇಗೆ ತಡೆದುಕೊಳ್ಳುವುದು ಅಂತ ನಮ್ಮ ಮನೆಯಲ್ಲಿ ಹೇಳಿಕೊಟ್ಟವರಿಲ್ಲ. ಮನುಷ್ಯರು ಸತ್ತರೆ ಸೂತಕ, ತಿಥಿ ಅಂತ ದಿನ ಕಳೆಯಲು ಏನಾದರೂ ಇರುತ್ತದೆ. ನಾಯಿಗೆ ಅದೂ ಇಲ್ಲ.

ಹೊರಗಿನ ಇತಿಹಾಸ ಹುಡುಕಿದರೆ ಒಂದೆರಡು ಕಡೆ ಮಾತ್ರ ಇದು ಸಿಗುತ್ತದೆ. ಜರ್ಮನಿಯ ಬಾನ್ ಹತ್ತಿರ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಅವರ ಜೊತೆ ಒಂದು ನಾಯಿಮರಿ. ಅದರ ಹಲ್ಲು ಪರೀಕ್ಷಿಸಿದ ವಿಜ್ಞಾನಿಗಳು 2018ರಲ್ಲಿ ಬರೆದದ್ದು ಇದು: ಮರಿಗೆ ಡಿಸ್ಟೆಂಪರ್ ಬಂದಿದ್ದಿರಬೇಕು, ವಾರಗಟ್ಟಲೆ ಯಾರೋ ನೀರು ಕುಡಿಸಿ, ಮೈ ಬೆಚ್ಚಗಿಟ್ಟು ನೋಡಿಕೊಳ್ಳದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಅದು ಬೇಟೆಗೆ ಬರುವುದಿಲ್ಲ, ಕಾವಲಿಗೂ ಬರುವುದಿಲ್ಲ. ಆದರೂ ನೋಡಿಕೊಂಡರು.

ಇನ್ನೊಂದು ಗ್ರೀಕರ ಒಡಿಸ್ಸಿ ಕಾವ್ಯದ ಆರ್ಗೋಸ್. ಒಡೆಯ ಇಪ್ಪತ್ತು ವರ್ಷದ ಮೇಲೆ ವೇಷ ಮರೆಸಿಕೊಂಡು ಮನೆಗೆ ಬಂದಾಗ ಅದು ಗೊಬ್ಬರದ ರಾಶಿಯ ಮೇಲೆ, ಮೈತುಂಬ ಉಣುಗು ಹತ್ತಿಸಿಕೊಂಡು ಮಲಗಿರುತ್ತದೆ. ನಮ್ಮೂರಿನ ಯಾವ ಗೊಬ್ಬರಗುಂಡಿಯ ಪಕ್ಕದಲ್ಲೂ ಕಾಣುವ ಚಿತ್ರ. ಗುರುತು ಹಿಡಿದು ಬಾಲ ಆಡಿಸುತ್ತದೆ, ಏಳಲು ಆಗುವುದಿಲ್ಲ. ಒಡೆಯ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುತ್ತಾನೆ. ನಾಯಿ ಅಲ್ಲೇ ಸಾಯುತ್ತದೆ.

ಅಪ್ಪಯ್ಯನೂ ಯಾರಿಗೂ ಕಾಣದಂತೆಯೇ ತೋಟಕ್ಕೆ ಇಳಿದಿದ್ದರು. ಇಂಜೆಕ್ಷನ್ ಮಾತು ಎತ್ತಿದರೆ ಅವರು ಸಿಟ್ಟಾಗುತ್ತಿದ್ದರು. ಅಮ್ಮ, "ಅದರ ಒದ್ದಾಟ ನೋಡಕ್ಕಾಗಲ್ಲ" ಎನ್ನುವರು. ನಾನು ನಡುವೆ. ಕಾರಣ ಗೊತ್ತಾದದ್ದು ಮೊನ್ನೆ ರಾತ್ರಿ. ಅಪ್ಪಯ್ಯನಿಗೆ ಹತ್ತು ವರ್ಷವಿದ್ದಾಗ ಮನೆಯ ನಾಯಿಗೆ ಹುಚ್ಚುನಾಯಿ ಕಚ್ಚಿತ್ತಂತೆ. ನಾಯಿಗೆ ಕೊಡುವ ಲಸಿಕೆ ಆಗ ಊರಲ್ಲಿ ಎಲ್ಲಿತ್ತು? ಹುಚ್ಚು ಏರುವ ಮೊದಲೇ ಕೊಲ್ಲಬೇಕು ಅಂತ ಅಜ್ಜ ಕೋವಿ ತೆಗೆದರು. ನಾಯಿ ಕೊಟ್ಟಿಗೆಯ ಹಿಂದೆ ಅಡಗಿತ್ತು, ಹೊರಗೆ ಬರಲಿಲ್ಲ. "ನಾನೇ ಅದರ ಹೆಸರು ಹಿಡಿದು ಕರೆದದ್ದು. ನನ್ನ ದನಿ ಕೇಳಿ ಬಂತು" ಎಂದರು. ಅಷ್ಟು ವರ್ಷ ಅದನ್ನು ಅಮ್ಮನಿಗೂ ಹೇಳಿರಲಿಲ್ಲ.

ಮರುದಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಇಲ್ಲಿ ಹಾಕುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ತಿನ್ನುತ್ತದಾ, ಎದ್ದು ಹೊರಗೆ ಹೋಗಿ ಉಚ್ಚೆ ಮಾಡುತ್ತದಾ, ಮನೆಯವರನ್ನು ನೋಡಿ ಬಾಲ ಆಡಿಸುತ್ತದಾ, ಇದನ್ನು ದಿನಾ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಕೆಟ್ಟ ದಿನಗಳೇ ಜಾಸ್ತಿಯಾದಾಗ ತೀರ್ಮಾನ ಮಾಡಬೇಕು. ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು, ಇರುವ ಕಿಡ್ನಿಯೂ ಹೋಗುತ್ತದೆ. ಇಂಜೆಕ್ಷನ್ ಕೊಟ್ಟರೆ ಮೊದಲು ನಿದ್ದೆ ಬರುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಔಷಧ ಮೈಯಲ್ಲೇ ಉಳಿದಿರುತ್ತದೆ, ನರಿ ಅಗೆದು ತಿಂದರೆ ಅದಕ್ಕೂ ಅಪಾಯ. ಹಾಗಾಗಿ ಬಾವಿಯಿಂದ ದೂರ, ಆಳವಾಗಿ ಗುಂಡಿ ತೋಡಿ, ಮೇಲೆ ಕಲ್ಲು ಹೇರಬೇಕು.

ಅಪ್ಪಯ್ಯ ಫೋನ್ ಕೇಳಿ ಇಸಿದುಕೊಂಡರು. ಕೇಳಿದ್ದು ಒಂದೇ ಮಾತು: "ಹೆಸರು ಹಿಡಿದು ಕರೀಬೇಕಾ?"

"ಬೇಡ ಗೌಡ್ರೇ, ಅದು ಮಲಗಿದ್ದಲ್ಲೇ ಕೊಡ್ತೀನಿ. ನೀವು ಪಕ್ಕದಲ್ಲಿ ಕೂತ್ರೆ ಸಾಕು."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ವಾರ ಮೂರು ದಿನಕ್ಕೆ ಅಮ್ಮ ಸರಿ ಗುರುತು ಹಾಕಿದ್ದಾರೆ, ನಾಲ್ಕಕ್ಕೆ ಸೊನ್ನೆ. ಇವತ್ತು ಗಂಜಿಗೆ ಎರಡು ಚಮಚ ಹಾಲು ಬೆರೆಸಿ ಇಟ್ಟರು, ಸ್ವಲ್ಪ ನೆಕ್ಕಿತು. ಅಮ್ಮ ಆಮೇಲೆ ಊಟಕ್ಕೆ ಕೂತರು. ಅಪ್ಪಯ್ಯ ಮಧ್ಯಾಹ್ನದ ಬಿಸಿಲಲ್ಲೇ ಕೈಗಾಡಿಯಲ್ಲಿ ಜಂಬಿಟ್ಟಿಗೆ ಕಲ್ಲು ಹೇರಿಕೊಂಡು ಹೋಗಿ ಮೇಲಿನ ಹಲಸಿನ ಮರದ ಬುಡದಲ್ಲಿ ಒಟ್ಟುತ್ತಿದ್ದರು. ಟೈಗರ್ ಜಗುಲಿಯಿಂದ ತಲೆ ಎತ್ತಿ ಅವರನ್ನೇ ನೋಡುತ್ತಿತ್ತು.