ಸುಲ್ತಾನ್ ಬತ್ತೇರಿ, ಮಂಗಳೂರು

ಸುಲ್ತಾನ್ ಬತ್ತೇರಿಯು ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು ನಗರದ ಬೋಳೂರಿನಲ್ಲಿ, ಗುರುಪುರ ನದಿಯ ಪೂರ್ವ ದಡದಲ್ಲಿರುವ ಒಂದು ಐತಿಹಾಸಿಕ ಕಾವಲು ಗೋಪುರ. ಸಮುದ್ರದ ಕಡೆಯಿಂದ ಯುದ್ಧನೌಕೆಗಳು ನದಿಯೊಳಗೆ ಪ್ರವೇಶಿಸುವುದನ್ನು ತಡೆಯಲು ಮೈಸೂರಿನ ಟಿಪ್ಪು ಸುಲ್ತಾನನು ಇದನ್ನು 1784ರಲ್ಲಿ ಕಟ್ಟಿಸಿದನು. ಫಲ್ಗುಣಿ ಎಂಬುದು ಗುರುಪುರ ನದಿಯ ಇನ್ನೊಂದು ಹೆಸರು. ಈಗ ಇದು ಸಂರಕ್ಷಿತ ಸ್ಮಾರಕವಾಗಿದ್ದು, ಸುತ್ತಲಿನ ಆವರಣ ಸಂಜೆಯ ವಿಹಾರತಾಣವಾಗಿದೆ.

ಹೆಸರು

ಸಾಲಾಗಿ ಫಿರಂಗಿಗಳನ್ನು ಹೂಡುವ ನೆಲೆಗೆ ಯುರೋಪಿಯನ್ನರು ಬಳಸುತ್ತಿದ್ದ ‘ಬ್ಯಾಟರಿ’ ಎಂಬ ಪದವೇ ಜನರ ಬಾಯಲ್ಲಿ ‘ಬತ್ತೇರಿ’ ಆಗಿದೆ. ಕೇರಳದ ವಯನಾಡು ಜಿಲ್ಲೆಯಲ್ಲಿ ಇದೇ ಹೆಸರಿನ ಪಟ್ಟಣವೊಂದಿದೆ. ಅಲ್ಲಿನ ಪುರಾತನ ಜೈನ ಬಸದಿಯನ್ನು ಟಿಪ್ಪುವಿನ ಸೇನೆ ಮದ್ದುಗುಂಡಿನ ಕೋಠಿಯಾಗಿ ಬಳಸಿದ್ದರಿಂದ ಆ ಊರಿಗೆ ಈ ಹೆಸರು ಬಂತು. ಎರಡೂ ಬೇರೆ ಬೇರೆ ಸ್ಥಳಗಳು. ಮಂಗಳೂರಿನ ಬತ್ತೇರಿಯನ್ನು ಅನೇಕರು ‘ಟಿಪ್ಪುವಿನ ಕೋಟೆ’ ಎನ್ನುವುದೂ ಉಂಟು. ಆದರೆ ಇದು ಕೋಟೆಯಲ್ಲ. ಮಂಗಳೂರಿಗೆ ಬೇರೆಯೇ ಕೋಟೆಯಿತ್ತು, ಅದು ಉಳಿದಿಲ್ಲ.

ಹಿನ್ನೆಲೆ

1763ರಲ್ಲಿ ಹೈದರ್ ಅಲಿಯು ಬಿದನೂರಿನೊಂದಿಗೆ ಮಂಗಳೂರನ್ನೂ ವಶಪಡಿಸಿಕೊಂಡಾಗ ಮೈಸೂರು ರಾಜ್ಯಕ್ಕೆ ಒಳ್ಳೆಯ ಬಂದರೊಂದು ದೊರೆಯಿತು. ಅವನು ಇಲ್ಲಿ ಹಡಗುಗಳನ್ನು ಕಟ್ಟಿಸಿದನು. ಇಂಗ್ಲಿಷರ ಕಣ್ಣು ಬಂದರಿನ ಮೇಲೆ ಬೀಳಲು ಹೆಚ್ಚು ಕಾಲ ಹಿಡಿಯಲಿಲ್ಲ. 1768ರಲ್ಲಿ ಮುಂಬಯಿಯಿಂದ ಬಂದ ಸೇನೆ ಮಂಗಳೂರನ್ನು ಹಿಡಿದು ಬಳಿಕ ಕಳೆದುಕೊಂಡಿತು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ನೌಕಾಪಡೆ ಇಲ್ಲಿಯೇ ಹೈದರನ ಹಡಗುಗಳನ್ನು ನಾಶಮಾಡಿತು. 1783ರ ಮಾರ್ಚಿನಲ್ಲಿ ಜನರಲ್ ಮ್ಯಾಥ್ಯೂಸ್ ಊರನ್ನು ಮತ್ತೆ ಗೆದ್ದುಕೊಂಡನು. ಅದೇ ಮೇ ತಿಂಗಳಿನಲ್ಲಿ ಟಿಪ್ಪು ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ಕರ್ನಲ್ ಕ್ಯಾಂಬೆಲ್ ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರತಿರೋಧಿಸಿ, 1784ರ ಜನವರಿ 30ರಂದು ಶರಣಾದನು. ಮಾರ್ಚ್ 11ರಂದು ಆದ ಮಂಗಳೂರು ಒಪ್ಪಂದದೊಡನೆ ಎರಡನೆಯ ಮೈಸೂರು ಯುದ್ಧ ಮುಗಿಯಿತು.

ಬತ್ತೇರಿ ಕಟ್ಟಿದ ವರ್ಷವನ್ನು ಈ ಘಟನೆಗಳೊಂದಿಗೆ ಇಟ್ಟು ನೋಡಿದರೆ ಅದರ ಉದ್ದೇಶ ಸ್ಪಷ್ಟವಾಗುತ್ತದೆ. ಹದಿನಾರು ವರ್ಷಗಳಲ್ಲಿ ಮೂರು ಬಾರಿ ಪೆಟ್ಟು ಬಿದ್ದ ಬಂದರು ಇದು. ಆ ವರ್ಷದ ಅಪನಂಬಿಕೆ ಕಲ್ಲುಕಟ್ಟಡದಲ್ಲಿ ಮಾತ್ರ ಕಾಣಿಸಿಕೊಳ್ಳಲಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಸಾವಿರಾರು ಕ್ರೈಸ್ತರನ್ನು 1784ರಲ್ಲಿಯೇ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಹಲವರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಶತ್ರುವಿಗೆ ಆಸರೆಯಾಗಿದ್ದ ಮಂಗಳೂರು ಕೋಟೆಯನ್ನು ಟಿಪ್ಪು ಕೆಡವಿಸಿದನು. 1799ರಲ್ಲಿ ಅವನ ಮರಣದ ನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು.

ರಚನೆ

ಗೋಪುರವನ್ನು ಕಪ್ಪು ಕಲ್ಲಿನಿಂದ ಕಟ್ಟಲಾಗಿದೆ. ಮುರಕಲ್ಲೇ ಸಾಮಾನ್ಯವಾಗಿರುವ ಕರಾವಳಿಯಲ್ಲಿ ಇದು ಗಮನಿಸಬೇಕಾದ ಸಂಗತಿ. ಎತ್ತರ ಹೆಚ್ಚಿಲ್ಲ; ಮೊದಲ ಬಾರಿ ನೋಡುವವರಿಗೆ ‘ಇಷ್ಟೇ ಏನು’ ಎನಿಸಬಹುದು. ಮೆಟ್ಟಿಲೇರಿ ಮೇಲಕ್ಕೆ ಹೋದರೆ ಸುತ್ತುಗೋಡೆಯ ಉದ್ದಕ್ಕೂ ಫಿರಂಗಿ ಹೂಡಲು ಬಿಟ್ಟ ಕಿಂಡಿಗಳಿವೆ. ತಳಭಾಗದಲ್ಲಿರುವ ನೆಲಮಾಳಿಗೆಯಲ್ಲಿ ಸಿಡಿಮದ್ದನ್ನು ಸಂಗ್ರಹಿಸಲಾಗುತ್ತಿತ್ತು ಎನ್ನಲಾಗಿದೆ.

ಇಲ್ಲಿ ಗುರುಪುರ ನದಿಯು ಸಮುದ್ರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳುದಿಬ್ಬ ಮಾತ್ರ ಇದೆ. ಇಕ್ಕಟ್ಟಾದ ನದಿಯಲ್ಲಿ ಹಾಯಿಹಡಗಿಗೆ ಬೇಗನೆ ತಿರುಗಿಕೊಳ್ಳಲು ಸಾಧ್ಯವಿಲ್ಲ. ದಡದ ಗೋಲಂದಾಜನಿಗೆ ದೂರದ ಅಂದಾಜು ಮೊದಲೇ ಇರುತ್ತದೆ. ಕಟ್ಟಡ ಚಿಕ್ಕದಾಗಿದ್ದರೂ ಸಾಕಾದದ್ದು ಈ ಕಾರಣದಿಂದ.

ಪುತ್ತೂರು, ಸುಳ್ಯ, ಕಡಬಗಳ ನಂಟು

ಕಡಬ ತಾಲೂಕಿನಲ್ಲಿ ಹರಿಯುವ ಕುಮಾರಧಾರಾ ನದಿಯು ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಬತ್ತೇರಿಯ ದಕ್ಷಿಣಕ್ಕೆ ಒಂದೇ ಅಳಿವೆಬಾಗಿಲಿನಲ್ಲಿ ಕಡಲನ್ನು ಸೇರುತ್ತವೆ. ಸುಳ್ಯದ ಪಯಸ್ವಿನಿಯು ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಸಮುದ್ರ ಸೇರುವಲ್ಲಿಯೂ ಹದಿನೇಳನೆಯ ಶತಮಾನದ ಚಂದ್ರಗಿರಿ ಕೋಟೆ ಇದೆ. ಹೀಗೆ ಈ ತಾಲೂಕುಗಳ ಎರಡೂ ಹೊಳೆಗಳ ಕೊನೆಯಲ್ಲಿ ಒಂದೊಂದು ಕಾವಲು ನೆಲೆ ಸಿಗುತ್ತದೆ.

1837ರಲ್ಲಿ ಕಂಪನಿ ಆಡಳಿತದ ವಿರುದ್ಧ ಸುಳ್ಯ ಸೀಮೆಯಲ್ಲಿ ಹೊರಟ ರೈತರ ದಂಡು ಪುತ್ತೂರು, ಬಂಟ್ವಾಳಗಳ ಮೂಲಕ ಮಂಗಳೂರಿಗೆ ಬಂದು ಬಾವುಟಗುಡ್ಡದಲ್ಲಿ ಧ್ವಜ ಹಾರಿಸಿತು. ಅದು ಬಂದದ್ದು ಮೂಡಣದ ಭೂಮಾರ್ಗದಿಂದ. ಬತ್ತೇರಿ ಕಾಯುತ್ತಿದ್ದುದು ಪಡುವಣದ ನೀರಿನ ದಾರಿಯನ್ನು.

ಭೇಟಿ

ಪುತ್ತೂರಿನಿಂದ ಮಂಗಳೂರು ಸುಮಾರು 50 ಕಿ.ಮೀ., ಸುಳ್ಯದಿಂದ ಸುಮಾರು 85 ಕಿ.ಮೀ. ದೂರದಲ್ಲಿದೆ. ಕಡಬದ ಕಡೆಯವರು ಉಪ್ಪಿನಂಗಡಿಯ ಮೂಲಕ ಬರಬಹುದು. ನೆಟ್ಟಣದ ಸುಬ್ರಹ್ಮಣ್ಯ ರಸ್ತೆ ಮತ್ತು ಕಬಕ ಪುತ್ತೂರು ನಿಲ್ದಾಣಗಳಿಂದ ರೈಲು ಇದೆ. ಸುಳ್ಯ ಪಟ್ಟಣಕ್ಕೆ ರೈಲು ಸಂಪರ್ಕವಿಲ್ಲ. ನಗರದ ಕೇಂದ್ರಭಾಗದಿಂದ ಬತ್ತೇರಿಗೆ ಸುಮಾರು 4 ಕಿ.ಮೀ.

ಗೋಪುರವನ್ನಷ್ಟೇ ನೋಡಲು ಅರ್ಧ ಗಂಟೆ ಸಾಕು. ಕಿಂಡಿಗಳ ಹಿಂದೆ ನಿಂತು ನದಿಯತ್ತ ನೋಡಿದರೆ ಈ ಜಾಗವನ್ನೇ ಏಕೆ ಆರಿಸಿದರೆಂಬುದು ತಿಳಿಯುತ್ತದೆ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆರಂಭವಾದ ಮೇಲೆ ದೊಡ್ಡ ಹಡಗುಗಳು ಅಲ್ಲಿಗೇ ಹೋಗುತ್ತವೆ. ಬತ್ತೇರಿಯ ಮುಂದೆ ಈಗ ಕಾಣುವುದು ಮೀನುಗಾರಿಕಾ ದೋಣಿಗಳು ಮತ್ತು ಕಡವಿನ ದೋಣಿ. ಆ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಕಡಲತೀರ ಸಿಗುತ್ತದೆ. ಮಳೆಗಾಲದಲ್ಲಿ ಕಡವು ನಿಲ್ಲುವುದುಂಟು. ಆಗ ಕೂಳೂರಿನ ಸೇತುವೆಯ ಮೂಲಕ ಸುತ್ತಿ ಹೋಗಬೇಕಾಗುತ್ತದೆ.