ನಾರ್ಸ್ ಪುರಾಣ: ಅಳಿವುಳ್ಳ ದೇವತೆಗಳು, ಒಂಬತ್ತು ಲೋಕಗಳು

ಕ್ರೈಸ್ತಮತವು ಹಬ್ಬುವ ಮೊದಲು ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಹಾಗೂ ಐಸ್‌ಲೆಂಡ್ ದೇಶಗಳ ಜನರು ಆರಾಧಿಸುತ್ತಿದ್ದ ದೇವತೆಗಳ ಕಥಾಸಮೂಹಕ್ಕೆ ನಾರ್ಸ್ ಪುರಾಣವೆಂದು ಹೆಸರು. ನಮ್ಮ ಮಕ್ಕಳಿಗೆ ಥಾರ್, ಲೋಕಿ ಎಂಬ ಹೆಸರುಗಳು ಅಮೆರಿಕದ ಚಲನಚಿತ್ರಗಳಿಂದ ಪರಿಚಿತವಾಗಿವೆ. ಆದರೆ ಆ ಚಿತ್ರಗಳಲ್ಲಿ ಕಾಣುವ ಬಂಧುತ್ವಗಳನ್ನು ಮೂಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಚಿತ್ರದಲ್ಲಿ ಓಡಿನ್ನನ ಸಾಕುಮಗನಾದ ಲೋಕಿಯು ಮೂಲದಲ್ಲಿ ಓಡಿನ್ನನೊಡನೆ ರಕ್ತ ಬೆರೆಸಿ ಸೋದರನಾದವನು. ಮೃತ್ಯುಲೋಕದ ಒಡತಿ ಹೆಲ್ ಓಡಿನ್ನನ ಮಗಳಲ್ಲ, ಲೋಕಿಯ ಮಗಳು.

ಈ ಕಥೆಗಳು ನಮಗೆ ಉಳಿದು ಬಂದದ್ದು ಮುಖ್ಯವಾಗಿ ಐಸ್‌ಲೆಂಡಿನ ಎರಡು ಕೃತಿಗಳಿಂದ. ಒಂದು, ಸ್ನೋರಿ ಸ್ಟುರ್ಲುಸನ್ (1179–1241) ಎಂಬ ವಿದ್ವಾಂಸನು ಸುಮಾರು 1220ರಲ್ಲಿ ಬರೆದ ಗದ್ಯ ಎಡ್ಡಾ. ಮತ್ತೊಂದು, ಹಳೆಯ ಹಾಡುಗಳ ಸಂಕಲನವಾದ ಪದ್ಯ ಎಡ್ಡಾ. ಪದ್ಯ ಎಡ್ಡಾದ ಪ್ರಧಾನ ಹಸ್ತಪ್ರತಿಯು ಸುಮಾರು 1270ರದು. ಅದು 1643ರಲ್ಲಿ ಒಬ್ಬ ಬಿಷಪ್ಪನ ಕೈಸೇರಿ, ಅವನಿಂದ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋಗಿ, 1971ರಲ್ಲಿ ಐಸ್‌ಲೆಂಡಿಗೆ ಮರಳಿತು. ಅದರ 45 ಹಾಳೆಗಳು ಉಳಿದಿವೆ, ನಡುವಿನ 8 ಹಾಳೆಗಳು ಕಳೆದುಹೋಗಿವೆ. ಐಸ್‌ಲೆಂಡ್ ಕ್ರೈಸ್ತಮತವನ್ನು ಸ್ವೀಕರಿಸಿದ್ದು ಕ್ರಿ.ಶ. 1000ದ ಸುಮಾರಿಗೆ. ಸ್ನೋರಿಯು ಅದಾಗಿ ಇನ್ನೂರು ವರ್ಷ ಕಳೆದ ಮೇಲಿನ ಕ್ರೈಸ್ತ. ತರುಣ ಕವಿಗಳಿಗೆ ಹಳೆಯ ಕಾವ್ಯದ ರೂಪಕಗಳು ಅರ್ಥವಾಗಲೆಂದು ಆತ ಬರೆದನೇ ಹೊರತು ಪೂಜೆಗಾಗಿ ಅಲ್ಲ. ಓದುಗರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಸೃಷ್ಟಿಗೆ ಮೊದಲು ಇದ್ದದ್ದು ಗಿನ್ನುಂಗಗಾಪ್ ಎಂಬ ಮಹಾಶೂನ್ಯ. ಅದರ ಒಂದು ಬದಿಗೆ ಹಿಮ ಮತ್ತು ಮಂಜಿನ ನಿಫ್ಲ್‌ಹೈಮ್, ಇನ್ನೊಂದು ಬದಿಗೆ ಬೆಂಕಿಯ ಮುಸ್ಪೆಲ್. ಹಿಮವು ಬಿಸಿಗೆ ಕರಗಿದಾಗ ಯೀಮಿರ್ ಎಂಬ ದೈತ್ಯನು ಹುಟ್ಟಿದನು. ಔಧುಮ್ಲಾ ಎಂಬ ಹಸುವಿನ ಹಾಲು ಅವನಿಗೆ ಆಹಾರ. ಓಡಿನ್ನನು ತನ್ನ ಇಬ್ಬರು ಸೋದರರೊಡನೆ ಯೀಮಿರನನ್ನು ಕೊಂದು, ಅವನ ಮಾಂಸದಿಂದ ಭೂಮಿಯನ್ನೂ ರಕ್ತದಿಂದ ಕಡಲನ್ನೂ ಎಲುಬುಗಳಿಂದ ಬೆಟ್ಟಗಳನ್ನೂ ತಲೆಬುರುಡೆಯಿಂದ ಆಕಾಶವನ್ನೂ ರಚಿಸಿದನು. ಪುರುಷಸೂಕ್ತವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಯೀಮಿರ್ ಮತ್ತು ನಮ್ಮ ಯಮ, ಎರಡೂ ಹೆಸರುಗಳು 'ಅವಳಿ' ಎಂಬ ಅರ್ಥದ ಒಂದೇ ಮೂಲದಿಂದ ಬಂದವೆಂದು ಅನೇಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಲೋಕಗಳು ಒಂಬತ್ತೆಂದು ಹಾಡುಗಳು ಹೇಳುತ್ತವೆ, ಆದರೆ ಒಂದೇ ಕಡೆ ಒಂಬತ್ತನ್ನೂ ಹೆಸರಿಸುವುದಿಲ್ಲ. ಇಂದು ಪುಸ್ತಕಗಳಲ್ಲಿ ಕಾಣುವ ಪಟ್ಟಿಗಳು ನಂತರದವರು ಜೋಡಿಸಿದವು. ದೇವತೆಗಳ ಅಸ್ಗಾರ್ಡ್, ಮನುಷ್ಯರ ಮಿಡ್‌ಗಾರ್ಡ್, ದೈತ್ಯರ ಯೊತುನ್‌ಹೈಮ್, ಸತ್ತವರ ಹೆಲ್ ಇವು ಮುಖ್ಯವಾದವು. ಇವೆಲ್ಲಕ್ಕೂ ಆಧಾರವಾಗಿ ನಿಂತದ್ದು ಇಗ್‌ಡ್ರಾಸಿಲ್ ಎಂಬ ಮಹಾವೃಕ್ಷ. ಅದರ ತುದಿಯಲ್ಲಿ ಹದ್ದು, ಬೇರನ್ನು ಕಡಿಯುವ ನಿಡ್‌ಹಾಗ್ ಎಂಬ ಸರ್ಪ, ಇವೆರಡರ ನಡುವೆ ಬೈಗುಳಗಳನ್ನು ಹೊತ್ತು ಓಡಾಡುವ ರಟಾಟೋಸ್ಕ್ ಎಂಬ ಅಳಿಲು. ಚಾಡಿಕೋರರಿಲ್ಲದ ಲೋಕವನ್ನು ಆ ಜನರೂ ಕಲ್ಪಿಸಲಿಲ್ಲ!

ಓಡಿನ್ನನು ದೇವತೆಗಳಲ್ಲಿ ಹಿರಿಯನು. ಜ್ಞಾನಕ್ಕಾಗಿ ಮೀಮಿರನ ಬಾವಿಯಲ್ಲಿ ಒಂದು ಕಣ್ಣನ್ನು ಒತ್ತೆಯಿಟ್ಟವನು. ರೂನ್ ಲಿಪಿಯ ರಹಸ್ಯಕ್ಕಾಗಿ ಒಂಬತ್ತು ರಾತ್ರಿ ಮರಕ್ಕೆ ನೇತುಬಿದ್ದವನು. ಹುಗಿನ್, ಮುನಿನ್ ಎಂಬ ಎರಡು ಕಾಗೆಗಳು ಲೋಕವನ್ನು ಸುತ್ತಿ ಬಂದು ಅವನಿಗೆ ಸುದ್ದಿ ಹೇಳುತ್ತವೆ. ಅವನ ಕುದುರೆ ಸ್ಲೈಪ್ನಿರ್‌ಗೆ ಎಂಟು ಕಾಲು. ಯುದ್ಧದಲ್ಲಿ ಮಡಿದವರಲ್ಲಿ ಅರ್ಧ ಜನರು ಅವನ ವಲ್‌ಹಲ್ಲಾಕ್ಕೆ ಸೇರಿದರೆ, ಉಳಿದರ್ಧ ಫ್ರೇಯಾ ದೇವಿಯ ಪಾಲು. ರೋಗದಿಂದಲೋ ಮುಪ್ಪಿನಿಂದಲೋ ಸತ್ತವರು ಹೆಲ್‌ಗೆ ಹೋಗುತ್ತಾರೆ ಎಂದು ಸ್ನೋರಿ ಬರೆಯುತ್ತಾನೆ. ಥಾರ್ ಓಡಿನ್ನನ ಮಗ, ಗುಡುಗಿನ ದೇವತೆ. ಎಸೆದರೆ ಮರಳಿ ಕೈಗೆ ಬರುವ ಸುತ್ತಿಗೆ ಅವನ ಆಯುಧ. ಅವನ ರಥವನ್ನು ಎಳೆಯುವ ಹೋತಗಳನ್ನು ರಾತ್ರಿ ಅಡಿಗೆಮಾಡಿ ಉಂಡರೂ, ಎಲುಬು ಮುರಿಯದಿದ್ದರೆ ಬೆಳಗಾಗುವಾಗ ಮತ್ತೆ ಜೀವ ತಳೆಯುತ್ತವೆ.

ಲೋಕಿಗೆ ಒಬ್ಬ ದೈತ್ಯಸ್ತ್ರೀಯಲ್ಲಿ ಮೂವರು ಮಕ್ಕಳು: ಫೆನ್ರಿರ್ ಎಂಬ ತೋಳ, ಭೂಮಿಯನ್ನು ಸುತ್ತಿ ಕಡಲಲ್ಲಿ ಮಲಗಿರುವ ಯೋರ್ಮುಂಗಾಂಡ್ ಎಂಬ ಸರ್ಪ, ಮತ್ತು ಹೆಲ್. ತೋಳವು ದೇವತೆಗಳ ಮನೆಯಲ್ಲೇ ಬೆಳೆಯಿತು. ಅದಕ್ಕೆ ಆಹಾರ ಹಾಕುವ ಧೈರ್ಯವಿದ್ದದ್ದು ಟೀರ್ ಎಂಬ ದೇವತೆಗೆ ಮಾತ್ರ. ಅದರಿಂದಲೇ ತಮ್ಮ ಕೇಡೆಂದು ಭವಿಷ್ಯ ಕೇಳಿದ ದೇವತೆಗಳು ಎರಡು ಸಂಕೋಲೆಗಳನ್ನು ತೊಡಿಸಿ ನೋಡಿದರು. ತೋಳ ಎರಡನ್ನೂ ಹರಿಯಿತು. ಆಗ ಕುಳ್ಳರಿಂದ ಗ್ಲೈಪ್ನಿರ್ ಎಂಬ ಪಟ್ಟಿಯನ್ನು ಮಾಡಿಸಿದರು. ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು – ಇವು ಆರು ಸೇರಿದ, ರೇಷ್ಮೆಯಂತೆ ನುಣುಪಾದ ಪಟ್ಟಿ. ಸಂಶಯಗೊಂಡ ತೋಳವು, ಬಿಡಿಸಿಕೊಳ್ಳಲಾಗದಿದ್ದರೆ ನೀವೇ ಬಿಚ್ಚುವಿರೆಂಬುದಕ್ಕೆ ಒಬ್ಬರು ನನ್ನ ಬಾಯಲ್ಲಿ ಕೈಯಿಡಿ ಎಂದಿತು. ದೇವತೆಗಳು ಪರಸ್ಪರ ಮುಖ ನೋಡಿಕೊಂಡರು. ಟೀರನು ಬಲಗೈಯನ್ನು ಇಟ್ಟನು. ಪಟ್ಟಿ ಬಿಗಿಯಿತು, ಎಲ್ಲರೂ ನಕ್ಕರು, ಟೀರನೊಬ್ಬನು ನಗಲಿಲ್ಲ.

ಬ್ಯಾಂಕಿನಲ್ಲಿ ಸಾಲದ ಕಾಗದಗಳನ್ನು ನೋಡುತ್ತಲೇ ವಯಸ್ಸಾದ ನನಗೆ ಈ ಕಥೆಯೇ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ. ಮಾತು ಕೊಟ್ಟವರು ಎಲ್ಲರೂ. ಜಾಮೀನು ನಿಂತವನು ಒಬ್ಬ. ಮಾತು ಮುರಿಯುವುದೆಂದು ಬಲ್ಲವನೇ ಕೈಯಿಟ್ಟನು, ಏಕೆಂದರೆ ಕೈಯಿಡದೆ ಲೋಕ ಉಳಿಯುತ್ತಿರಲಿಲ್ಲ. ದೇವತೆಗಳು ಲೋಕವನ್ನು ಕಾದದ್ದು ವಂಚನೆಯಿಂದ ಎಂಬುದನ್ನು ಈ ಪುರಾಣವು ಮರೆಮಾಚುವುದಿಲ್ಲ. ಟೀರನ ಹೆಸರೂ ಸಂಸ್ಕೃತದ 'ದೇವ' ಶಬ್ದವೂ ಒಂದೇ ಧಾತುವಿನವು. ಇಂಗ್ಲಿಷಿನ ಟ್ಯೂಸ್‌ಡೇ ಅವನ ಹೆಸರಿನ ವಾರ, ವೆನ್ಸ್‌ಡೇ ಓಡಿನ್ನನದು, ಥರ್ಸ್‌ಡೇ ಥಾರನದು, ಫ್ರೈಡೇ ಓಡಿನ್ನನ ಪತ್ನಿ ಫ್ರಿಗ್ಗಳದು. ರೋಮನರ ಗ್ರಹವಾರಗಳಿಗೆ ಉತ್ತರದವರು ತಮ್ಮ ದೇವತೆಗಳನ್ನು ಹೊಂದಿಸಿದ ಫಲವಿದು. ಆ ಗ್ರಹಗಳು ನಮ್ಮ ಮಂಗಳ, ಬುಧ, ಗುರು, ಶುಕ್ರರೇ.

ಲೋಕಿಯ ಕುತಂತ್ರದಿಂದ ಓಡಿನ್ನನ ಪ್ರಿಯಪುತ್ರ ಬಾಲ್ಡರ್, ಕುರುಡನಾದ ಸೋದರ ಹೋಡ್ ಎಸೆದ ಬಂದಳಿಕೆಯ ಕಡ್ಡಿಯಿಂದ ಸಾಯುತ್ತಾನೆ. ಸಮಸ್ತ ಚರಾಚರವೂ ಅತ್ತರೆ ಬಿಡುವೆನೆಂದು ಹೆಲ್ ಒಪ್ಪುತ್ತಾಳೆ. ಒಬ್ಬ ದೈತ್ಯಸ್ತ್ರೀ ಅಳುವುದಿಲ್ಲ. ಅವಳು ವೇಷ ಮರೆಸಿದ ಲೋಕಿಯೇ ಎಂದು ಜನ ಬಗೆದರೆಂಬುದು ಸ್ನೋರಿಯ ಮಾತು.

ಕೊನೆಯದು ರಾಗ್ನರೋಕ್. ನಡುವೆ ಬೇಸಗೆಯೇ ಇಲ್ಲದ ಮೂರು ಚಳಿಗಾಲಗಳ ಬಳಿಕ ತೋಳವು ಕಟ್ಟು ಹರಿದುಕೊಂಡು ಓಡಿನ್ನನನ್ನು ನುಂಗುತ್ತದೆ. ಥಾರನು ಸರ್ಪವನ್ನು ಕೊಂದು, ಅದರ ವಿಷದಿಂದ ಒಂಬತ್ತು ಹೆಜ್ಜೆ ನಡೆದು ಬೀಳುತ್ತಾನೆ. ಸುರ್ಟ್ ಎಂಬ ಅಗ್ನಿದೈತ್ಯನು ಲೋಕವನ್ನು ಸುಡುತ್ತಾನೆ. ಇದೆಲ್ಲ ಹೀಗೆಯೇ ಆಗುವುದೆಂದು ಓಡಿನ್ನನಿಗೆ ಮೊದಲೇ ತಿಳಿದಿರುತ್ತದೆ. ಆದರೂ ವಲ್‌ಹಲ್ಲಾದ ವೀರರು ದಿನವೂ ಕಾದಾಡಿ ಅಭ್ಯಾಸ ಮಾಡುತ್ತಾರೆ.

ಅನಂತರ ಭೂಮಿಯು ಕಡಲಿನಿಂದ ಹಸಿರಾಗಿ ಮೇಲೇಳುತ್ತದೆ. ಮರದ ಮರೆಯಲ್ಲಿ ಅಡಗಿ ಉಳಿದ ಲಿಫ್ ಮತ್ತು ಲಿಫ್‌ಥ್ರಾಸಿರ್ ಎಂಬಿಬ್ಬರಿಂದ ಮಾನವ ಸಂತತಿ ಮುಂದುವರಿಯುತ್ತದೆ. ಬಾಲ್ಡರನೂ ಅವನನ್ನು ಕೊಂದ ಹೋಡನೂ ಜೊತೆಯಾಗಿ ಮರಳುತ್ತಾರೆ. ಅಳಿದ ಅಸ್ಗಾರ್ಡಿನ ಹುಲ್ಲಿನ ನಡುವೆ, ಹಿಂದೆ ದೇವತೆಗಳು ಆಡುತ್ತಿದ್ದ ಹಲಗೆಯಾಟದ ಚಿನ್ನದ ಕಾಯಿಗಳು ಅವರಿಗೆ ಸಿಗುತ್ತವೆ.