ಕೃಷ್ಣಾ ತೀರದ ಅರಿಶಿಣ: ತಳಿ ವೈವಿಧ್ಯ ಮತ್ತು ಸುಧಾರಣೆ

ಕುಡಚಿ, ರಾಯಬಾಗ, ಅಥಣಿ ಭಾಗದಲ್ಲಿ ಕಬ್ಬಿನ ಮಗ್ಗುಲಲ್ಲೇ ಬೆಳೆಯುವ ಹಳೆಯ ಗಡ್ಡೆ ಬೆಳೆ ಅರಿಶಿಣ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಬೇರಲ್ಲ, ನೆಲದೊಳಗಿನ ಕಾಂಡ. ಕುಡಚಿಯಲ್ಲಿ ರೈಲು ಹತ್ತಿ ಕೃಷ್ಣೆ ದಾಟಿದರೆ ಮಹಾರಾಷ್ಟ್ರದ ಮೀರಜ, ಅದರ ಪಕ್ಕದಲ್ಲೇ ಸಾಂಗಲಿ ಪೇಟೆ. ಈ ಸೀಮೆಯ ರೈತರು ದರಕ್ಕಾಗಿ ಕಿವಿಗೊಡುವುದು ಅಲ್ಲಿನ ಹರಾಜಿಗೆ. ಹೀಗಾಗಿ ಇಲ್ಲಿನ ತಳಿಗಳ ಚರಿತ್ರೆಯನ್ನು ರಾಜ್ಯದ ಗಡಿಯೊಳಗೆ ಕಟ್ಟಿಹಾಕಲಾಗದು.

ಅರಿಶಿಣದ ಜೀವಕೋಶದಲ್ಲಿ ಸಾಮಾನ್ಯವಾಗಿ 63 ವರ್ಣತಂತುಗಳಿವೆ. ಅಂದರೆ ಎರಡು ಗಣಗಳ ಬದಲು ಮೂರು ಗಣ. ಹೂ ಬಿಟ್ಟರೂ ಬೀಜ ಕಟ್ಟುವುದು ಅಪರೂಪ. ರೈತ ಊರುವುದು ಹೋದ ವರ್ಷದ ಗಡ್ಡೆಯನ್ನೇ, ಹಾಗಾಗಿ ಮರುವರ್ಷದ ಗಿಡ ಹಳೆಯದರ ತದ್ರೂಪು. ಆದರೂ ಗಡ್ಡೆ ಮುರಿದು ನೋಡಿದರೆ ಒಂದು ತಳಿಯಲ್ಲಿ ತಿಳಿಹಳದಿ, ಇನ್ನೊಂದರಲ್ಲಿ ಕಡುಕಿತ್ತಳೆ. ತಾನಾಗಿ ಆದ ಮಾರ್ಪಾಡುಗಳನ್ನು ರೈತರ ಕಣ್ಣು ಗುರುತಿಸಿ ಉಳಿಸಿಕೊಂಡದ್ದರ ಫಲ ಇದು. ರಾಜಾಪುರಿ, ಸೇಲಂ, ಕಡಪ, ಆರ್ಮೂರ್, ತೆಕೂರ್‌ಪೇಟ, ಅಲೆಪ್ಪಿ: ಹೆಸರೆಲ್ಲ ಊರಿನವು. ಇವು ವಂಶಕ್ಕಿಂತ ವ್ಯಾಪಾರದ ದಾರಿಯನ್ನೇ ಹೆಚ್ಚು ಹೇಳುತ್ತವೆ.

ಇಂಥ ಬೆಳೆಯಲ್ಲಿ ಸಂಕರಣ ಕಷ್ಟ, ಆಯ್ಕೆಯೇ ಮುಖ್ಯ ಹಾದಿ. ಸಾಂಗಲಿ ಬಳಿಯ ಕಸಬಾ ಡಿಗ್ರಜ್ ಸಂಶೋಧನಾ ಕೇಂದ್ರ ತೆಕೂರ್‌ಪೇಟ ತಳಿಯಿಂದ ಆರಿಸಿದ್ದು ‘ಕೃಷ್ಣಾ’. ಕೋಳಿಕ್ಕೋಡಿನಲ್ಲಿ 1975ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಶುರುವಾಗಿ ಮುಂದೆ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಕೇಂದ್ರ ಸುಗುಣ, ಸುದರ್ಶನ ತಳಿಗಳನ್ನು ಕೊಟ್ಟಿತು. ಅಲ್ಲಿನ ‘ಪ್ರಭಾ’ ಮತ್ತು ‘ಪ್ರತಿಭಾ’ ಹೆಚ್ಚು ಕುತೂಹಲದವು. ಅಪರೂಪಕ್ಕೆ ಕಟ್ಟಿದ ಬೀಜದಿಂದ ಎದ್ದ ಸಸಿಗಳಲ್ಲಿ ಆರಿಸಿದವು ಇವು, ಅರಿಶಿಣದ ಸತ್ವವಾದ ಕುರ್ಕುಮಿನ್ ಇವುಗಳಲ್ಲಿ ಶೇಕಡಾ 6ಕ್ಕೂ ಹೆಚ್ಚು. ಇತ್ತೀಚಿನ ‘ಪ್ರಗತಿ’ ಸುಮಾರು 180 ದಿನಕ್ಕೇ ಕೀಳಲು ಬರುತ್ತದೆ. ನೀರಿನ ಸರದಿ ಎಣಿಸುವವರಿಗೆ ಇದು ಸಣ್ಣ ಮಾತಲ್ಲ.

ತೊಡಕಿರುವುದು ಬಿತ್ತನೆಯಲ್ಲಿ. ಎಕರೆಗೆ ಸುಮಾರು 10 ಕ್ವಿಂಟಲ್ ಗಡ್ಡೆ ಬೇಕು. ಹೊಸ ತಳಿಯ ನಾಲ್ಕು ಗಡ್ಡೆ ತಂದವರು ಹೊಲ ತುಂಬಿಸಲು ವರ್ಷಗಟ್ಟಲೆ ಕಾಯಬೇಕು. 5ರಿಂದ 7 ಗ್ರಾಂ ತೂಕದ ಒಂದೇ ಕಣ್ಣಿನ ತುಂಡನ್ನು ಟ್ರೇಗಳಲ್ಲಿ ಮೊಳೆಸಿ ನಾಟಿ ಮಾಡುವ ವಿಧಾನ ಈ ಹೊರೆಯನ್ನು ಬಹಳ ಇಳಿಸಿದೆ.

2018ರಲ್ಲಿ ಸಾಂಗಲಿ ಅರಿಶಿಣಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಪೇಟೆಯಲ್ಲಿ ಬಣ್ಣ, ಕೊಂಬಿನ ಗಾತ್ರ, ಒಣಗಿದ ಹದ ನೋಡಿಯೇ ದರ ಕೂಗುವವರೆಗೆ ಕುರ್ಕುಮಿನ್ ಹೆಚ್ಚಿರುವ ತಳಿಗೆ ರೈತ ಬದಲಾಗಲು ಕಾರಣ ಕಡಿಮೆ. ಹಾಗಾಗಿಯೇ ಸೇಲಂ, ರಾಜಾಪುರಿಗಳು ಈ ಹೊಲಗಳಲ್ಲಿ ಇನ್ನೂ ಉಳಿದಿವೆ.